ವಿಷದ ನೆಲ, ಬಡವರ ಸೂರು

2016ರ ಬೇಸಿಗೆ. ಅಮೆರಿಕದ ಇಂಡಿಯಾನಾ ರಾಜ್ಯದ ಈಸ್ಟ್ ಷಿಕಾಗೋ ಊರಿನ ವೆಸ್ಟ್ ಕ್ಯಾಲುಮೆಟ್ ಬಡಾವಣೆಯಲ್ಲಿ ಮನೆಗಳ ಮುಂದಿನ ಹುಲ್ಲಿನ ಮೇಲೆ ಫಲಕಗಳು ಎದ್ದವು. ಮಣ್ಣಿನಲ್ಲಿ ಆಡಬೇಡಿ ಎಂದು ಅವುಗಳಲ್ಲಿ ಬರೆದಿತ್ತು. ಅದರ ಹಿಂದೆಯೇ ಮನೆ ಖಾಲಿ ಮಾಡಬೇಕೆಂದು ಮೇಯರ್ ಪತ್ರ ಬಂತು. ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಇದ್ದರು, ಅವರಲ್ಲಿ 600ಕ್ಕೂ ಹೆಚ್ಚು ಮಕ್ಕಳು. 1970ರ ದಶಕದ ಆರಂಭದಲ್ಲಿ ಬಡ ಕುಟುಂಬಗಳಿಗೆಂದೇ ಕಟ್ಟಿಸಿದ ಸಾರ್ವಜನಿಕ ವಸತಿ ಅದು. ಕಟ್ಟಿದ್ದು ಹಳೆಯ ಸೀಸದ ಕಾರ್ಖಾನೆಯ ಜಾಗದಲ್ಲಿ. ವಾಸದ ನೆಲದಲ್ಲಿ ಸೀಸ 400 ಪಿಪಿಎಂ (ಹತ್ತು ಲಕ್ಷದಲ್ಲಿ 400 ಭಾಗ) ದಾಟಬಾರದೆಂಬುದು ಆಗಿನ ಮಿತಿ. ಅಲ್ಲಿ ಒಂದು ಕಡೆ ಸಿಕ್ಕಿದ್ದು ಅದರ ಇನ್ನೂರು ಪಟ್ಟಿಗೂ ಹೆಚ್ಚು. ಆ ಮಣ್ಣಿನಲ್ಲಿ ಆಡಿದರೆ ಆರೋಗ್ಯಕ್ಕೆ ತೊಂದರೆಯಾಗುವ ಸಂಭವವಿಲ್ಲ ಎಂದು ಐದು ವರ್ಷ ಮೊದಲು ಅಲ್ಲಿನ ಆರೋಗ್ಯ ಸಂಸ್ಥೆಯೊಂದು ವರದಿ ಕೊಟ್ಟಿತ್ತು. 2018ರಲ್ಲಿ ಆ ಮನೆಗಳನ್ನು ಕೆಡವಿದರು.

ಅದೇ ದೇಶದ ನ್ಯೂಯಾರ್ಕ್‌ನ ಸೌತ್ ಬ್ರಾಂಕ್ಸ್‌ನಲ್ಲಿ 2012ರಲ್ಲಿ 'ವಿಯಾ ವರ್ಡೆ' ಎಂಬ ವಸತಿ ಸಮುಚ್ಚಯ ತೆರೆಯಿತು. ಅದೂ ಪಾಳು ಬಿದ್ದ, ಕಲುಷಿತ ರೈಲ್ವೆ ಯಾರ್ಡಿನ ನೆಲವೇ. ಮಣ್ಣನ್ನು ಶುದ್ಧಿಗೊಳಿಸಿ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ 222 ಮನೆಗಳನ್ನು ಕಟ್ಟಿದರು. ಮೆಟ್ಟಿಲು ಮೆಟ್ಟಿಲಾಗಿ ಏರುವ ತಾರಸಿಗಳಲ್ಲಿ ತೋಟಗಳಿವೆ. ಜಗತ್ತಿನ ವಾಸ್ತುಶಿಲ್ಪ ಪತ್ರಿಕೆಗಳು ಅದನ್ನು ಮಾದರಿ ಎಂದು ಕೊಂಡಾಡಿದವು.

ವಿಷ ಉಂಡ ನೆಲದ ಮೇಲೆ ಬಡವರಿಗೆ ಮನೆ ಕಟ್ಟಬಹುದೇ ಎಂಬ ಚರ್ಚೆ ನಲವತ್ತು ವರ್ಷಗಳಿಂದ ಈ ಎರಡು ಚಿತ್ರಗಳ ನಡುವೆ ತೂಗಾಡುತ್ತಿದೆ. ನಗರಗಳಲ್ಲಿ ನೆಲವಿಲ್ಲ, ಇದ್ದರೂ ಬೆಲೆ ಮುಟ್ಟುವಂತಿಲ್ಲ. ಮುಚ್ಚಿದ ಕಾರ್ಖಾನೆ, ಗ್ಯಾಸ್ ಘಟಕ, ಕಸದ ಗುಡ್ಡಗಳು ಮಾತ್ರ ಊರ ನಡುವೆಯೇ, ಬಸ್ಸು ರೈಲುಗಳ ಪಕ್ಕದಲ್ಲೇ ಬಿದ್ದಿವೆ. ಅವುಗಳ ಮೇಲೆ ಯೋಜನಾಕಾರರ ಕಣ್ಣು ಬೀಳುವುದು ಸಹಜ. ಆದರೆ ಆ ಮಣ್ಣು ಏನನ್ನು ನೆನಪಿಟ್ಟುಕೊಂಡಿದೆ, ಅದನ್ನು ಎಷ್ಟರಮಟ್ಟಿಗೆ ಅಳಿಸಬಹುದು, ಅಳಿಸುವ ಖರ್ಚು ಯಾರ ತಲೆಗೆ ಎಂಬಲ್ಲಿ ಒಮ್ಮತವಿಲ್ಲ.

ಒಂದು ಡಾಲರಿನ ನೆಲ

ಈ ಕಥೆ ಎಲ್ಲರೂ ಹೇಳುವಂತೆ ಲವ್ ಕೆನಾಲ್‌ನಿಂದಲೇ ಶುರುವಾಗಬೇಕು. ನಯಾಗರಾ ಜಲಪಾತದ ಊರಿನಲ್ಲಿ ಅರ್ಧಕ್ಕೆ ನಿಂತಿದ್ದ ಒಂದು ಕಾಲುವೆಗೆ ಹೂಕರ್ ಕೆಮಿಕಲ್ ಕಂಪನಿ 1942ರಿಂದ 1953ರವರೆಗೆ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಸುರಿಯಿತು. ಆಮೇಲೆ ಮಣ್ಣು ಮುಚ್ಚಿ, ಶಾಲಾ ಮಂಡಳಿಗೆ ಒಂದು ಡಾಲರಿಗೆ ಮಾರಿತು. ಅಲ್ಲಿ ಶಾಲೆ ಬಂತು, ಸುತ್ತ ಮನೆಗಳು ಬಂದವು. ಎಪ್ಪತ್ತರ ದಶಕದಲ್ಲಿ ಮಳೆ ಹೆಚ್ಚಾದಾಗ ಒಳಗಿನದು ನೆಲಮಾಳಿಗೆಗಳಿಗೆ ಒಸರತೊಡಗಿತು. 1978ರ ಆಗಸ್ಟ್‌ನಲ್ಲಿ ಸರ್ಕಾರ ತುರ್ತುಸ್ಥಿತಿ ಘೋಷಿಸಿತು. ಮಗುವಿನ ಕಾಯಿಲೆಯಿಂದ ಕಂಗೆಟ್ಟು ಬೀದಿಗಿಳಿದ ಲೋಯಿಸ್ ಗಿಬ್ಸ್ ಎಂಬ ಗೃಹಿಣಿ ಆ ಹೋರಾಟದ ಮುಖವಾದರು.

ಅದರ ಫಲವಾಗಿ 1980ರ ಡಿಸೆಂಬರ್‌ನಲ್ಲಿ ಬಂದದ್ದು 'ಸೂಪರ್‌ಫಂಡ್' ಕಾನೂನು. ರಾಸಾಯನಿಕ ಮತ್ತು ತೈಲ ಉದ್ಯಮಗಳ ಮೇಲೆ ತೆರಿಗೆ ಹಾಕಿ ಒಂದು ನಿಧಿ ಮಾಡುವುದು, ವಿಷ ಸುರಿದವರಿಂದಲೇ ವಸೂಲಿ ಮಾಡುವುದು ಅದರ ತಿರುಳು. ಹೊಣೆ ಎಷ್ಟು ಬಿಗಿಯಾಗಿತ್ತೆಂದರೆ, ಸುರಿದವನಷ್ಟೇ ಅಲ್ಲ, ಆಮೇಲೆ ಆ ನೆಲ ಕೊಂಡವನೂ ಸಿಕ್ಕಿಬೀಳುತ್ತಿದ್ದ. ಅದರ ಪರಿಣಾಮ ಯಾರೂ ಎಣಿಸದ ಕಡೆ ಆಯಿತು. ಬ್ಯಾಂಕುಗಳು ಸಾಲ ಕೊಡಲಿಲ್ಲ, ಬಿಲ್ಡರುಗಳು ಹತ್ತಿರ ಸುಳಿಯಲಿಲ್ಲ. ಅಲ್ಪಸ್ವಲ್ಪ ಕಲುಷಿತವಾದ ಜಾಗಗಳೂ ಬೇಲಿಯೊಳಗೆ ಪಾಳುಬಿದ್ದವು, ಉದ್ಯಮಗಳು ಊರಾಚೆಯ ಹಸಿರು ಹೊಲಗಳಿಗೆ ಹೋದವು. ಬೇಲಿಯ ಪಕ್ಕ ಉಳಿದವರು ಬಡವರು. ಈ ಗಂಟು ಬಿಡಿಸಲು 1995ರಲ್ಲಿ 'ಬ್ರೌನ್‌ಫೀಲ್ಡ್' ಕಾರ್ಯಕ್ರಮ, 2002ರ ಜನವರಿಯಲ್ಲಿ ಅದಕ್ಕೆಂದೇ ಕಾನೂನು ಬಂದವು. ತಾನು ಮಲಿನ ಮಾಡದ ನೆಲವನ್ನು ಪರೀಕ್ಷೆ ಮಾಡಿಸಿ ಕೊಂಡವನಿಗೆ ಹೊಣೆಯಿಂದ ರಕ್ಷಣೆ, ಶುದ್ಧಿಗೆ ಅನುದಾನ. ಅಂಥ ಜಾಗಗಳು ಅಮೆರಿಕ ಒಂದರಲ್ಲೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚಿವೆ ಎಂದು ಅಲ್ಲಿನ ಪರಿಸರ ಸಂಸ್ಥೆಯ ಅಂದಾಜು.

ಬ್ರಿಟನ್ನಿನಲ್ಲಿ 'ಬ್ರೌನ್‌ಫೀಲ್ಡ್' ಎಂದರೆ ಹಿಂದೆ ಕಟ್ಟಡವಿದ್ದ ಯಾವುದೇ ನೆಲ, ವಿಷ ಇರಲೇಬೇಕೆಂದಿಲ್ಲ. ಹೊಸ ಮನೆಗಳಲ್ಲಿ ಶೇ 60ರಷ್ಟನ್ನು ಅಂಥ ನೆಲದಲ್ಲೇ ಕಟ್ಟಬೇಕೆಂದು ಅಲ್ಲಿನ ಸರ್ಕಾರ 1998ರಲ್ಲಿ ಗುರಿ ಇಟ್ಟಿತು. ಎರಡು ದೇಶಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಮಾತಾಡುವವರು ಈ ವ್ಯತ್ಯಾಸ ಮರೆತರೆ ಲೆಕ್ಕವೆಲ್ಲ ತಪ್ಪುತ್ತದೆ.

ಎಷ್ಟು ತೊಳೆದರೆ ಸಾಕು?

ವಾದದ ನಡುಗಂಬ ಇದೇ. ಒಂದು ಪಂಥ ಹೇಳುವುದು: ಪೂರ್ತಿ ತೊಳೆಯಿರಿ. ಇದನ್ನು ನಿಜವಾಗಿ ಮಾಡಲು ಹೊರಟ ದೇಶ ನೆದರ್‌ಲ್ಯಾಂಡ್ಸ್. 1980ರಲ್ಲಿ ಲೆಕ್ಕರ್ಕೆರ್ಕ್ ಎಂಬ ಊರಿನಲ್ಲಿ ಹೊಸ ಮನೆಗಳ ಅಡಿ ರಾಸಾಯನಿಕದ ಪೀಪಾಯಿಗಳು ಹೂತಿರುವುದು ಬಯಲಾಯಿತು. ಸುಮಾರು 270 ಮನೆಗಳವರನ್ನು ತೆರವು ಮಾಡಿಸಬೇಕಾಯಿತು. ಬೆಚ್ಚಿದ ದೇಶ ಒಂದು ತತ್ವಕ್ಕೆ ಕಟ್ಟುಬಿದ್ದಿತು: ಶುದ್ಧಿಯಾದ ನೆಲ ಮನೆಗೂ ಆಗಬೇಕು, ತೋಟಕ್ಕೂ ಆಗಬೇಕು, ಮಕ್ಕಳ ಆಟಕ್ಕೂ ಆಗಬೇಕು. ಮುಂದೆ ಯಾರು ಯಾವುದಕ್ಕೆ ಬಳಸಿದರೂ ಹೆದರಬೇಕಿಲ್ಲ. ಇದಕ್ಕಿಂತ ನೆಮ್ಮದಿಯ ತತ್ವ ಇನ್ನೊಂದಿಲ್ಲ. ಆದರೆ ಹುಡುಕಿದಷ್ಟೂ ಜಾಗಗಳು ಸಿಗುತ್ತ ಹೋದವು, ಖರ್ಚು ಏರಿತು, ಶುದ್ಧಿಯ ಸರದಿ ಉದ್ದವಾಯಿತು. ತೊಂಬತ್ತರ ದಶಕದ ಕೊನೆಗೆ ಡಚ್ಚರೇ ಆ ತತ್ವವನ್ನು ಕೈಬಿಟ್ಟರು.

ಅದರ ಜಾಗಕ್ಕೆ ಬಂದದ್ದು ಬ್ರಿಟಿಷರು ಮೊದಲಿನಿಂದ ಹಿಡಿದ ದಾರಿ: ಬಳಕೆಗೆ ತಕ್ಕಷ್ಟು ಶುದ್ಧಿ. ಇದರ ತರ್ಕ ಸರಳ. ಅಪಾಯ ಆಗಬೇಕಾದರೆ ಮೂರು ಸೇರಬೇಕು. ವಿಷದ ಮೂಲ ಇರಬೇಕು, ಅದು ಬರುವ ದಾರಿ ಇರಬೇಕು, ಆ ದಾರಿಯ ತುದಿಯಲ್ಲಿ ಒಂದು ಜೀವ ಇರಬೇಕು. ಮೂರರಲ್ಲಿ ಒಂದನ್ನು ಕಡಿದರೂ ಸಾಕು. ಮಣ್ಣನ್ನು ಅಗೆದು ಸಾಗಿಸಿದರೆ ಮೂಲ ಹೋಯಿತು. ಕಾಂಕ್ರೀಟು, ಜೇಡಿ, ಹೊಸ ಮಣ್ಣಿನ ಹೊದಿಕೆ ಹಾಕಿದರೆ ದಾರಿ ಮುಚ್ಚಿತು. ಇಲ್ಲಿ ಕೊಳವೆಬಾವಿ ತೋಡಬೇಡಿ, ತರಕಾರಿ ಬೆಳೆಯಬೇಡಿ ಎಂಬ ಷರತ್ತನ್ನು ಆಸ್ತಿ ಪತ್ರದಲ್ಲೇ ಬರೆದರೆ ಜೀವವನ್ನು ದೂರ ಇಟ್ಟಂತಾಯಿತು.

ವಿಧಾನಗಳು ಹಲವು. ಆವಿಯಾಗುವ ದ್ರಾವಕಗಳಿದ್ದರೆ ಮಣ್ಣಿನೊಳಗಿನ ಗಾಳಿಯನ್ನು ಕೊಳವೆಗಳಿಂದ ಹೀರಿ ತೆಗೆಯುತ್ತಾರೆ. ಎಣ್ಣೆ, ಪೆಟ್ರೋಲಿದ್ದರೆ ಸೂಕ್ಷ್ಮಜೀವಿಗಳಿಗೆ ಗಾಳಿ, ಗೊಬ್ಬರ ಕೊಟ್ಟು ತಿನ್ನಿಸುತ್ತಾರೆ. ಸೀಸ, ಕ್ರೋಮಿಯಂಗಳನ್ನು ಯಾವ ಜೀವಾಣುವೂ ಜೀರ್ಣಿಸಿಕೊಳ್ಳದು. ಲೋಹ ಲೋಹವೇ. ಅದನ್ನು ಸಿಮೆಂಟು, ಫಾಸ್ಫೇಟುಗಳಲ್ಲಿ ಕಟ್ಟಿಹಾಕಬಹುದು, ಇಲ್ಲವೇ ತೆಗೆದು ಬೇರೆಡೆ ಹೂಳಬಹುದು. ನಮ್ಮ ಒಗ್ಗರಣೆಯ ಸಾಸಿವೆಯ ಗಿಡ ಸೀಸವನ್ನು ಬೇರಿನಿಂದ ಎಳೆದುಕೊಳ್ಳುತ್ತದೆಂದು ಪ್ರಯೋಗಗಳು ತೋರಿಸಿವೆ. ಆದರೆ ಆ ಕೆಲಸ ಬಲು ನಿಧಾನ. ಕೊಯ್ದ ಸೊಪ್ಪನ್ನೂ ಮತ್ತೆ ಅಪಾಯಕಾರಿ ತ್ಯಾಜ್ಯವೆಂದೇ ವಿಲೇವಾರಿ ಮಾಡಬೇಕು.

'ತಕ್ಕಷ್ಟು' ಎಂದರೆ ಎಷ್ಟು ಎಂಬ ಜಗಳ ನಮ್ಮ ನೆರೆಯಲ್ಲೇ ನಡೆದಿದೆ. ಕೊಡೈಕನಾಲ್‌ನ ಪಾದರಸದ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಅದರ ನೆಲದ ಶುದ್ಧಿಗೆ ಇಟ್ಟ ಗುರಿ ಒಂದು ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಪಾದರಸ. ಸುತ್ತ ಇರುವುದು ಕಾಡು, ಕೆಳಗೆ ನೀರಿನ ಹರಿವು, ಈ ಮಿತಿ ತೀರಾ ಸಡಿಲ ಎಂದು ಹೋರಾಟಗಾರರು ವರ್ಷಗಟ್ಟಲೆ ವಾದಿಸಿದರು. ಕಂಪನಿಯ, ಮಾಲಿನ್ಯ ನಿಯಂತ್ರಣ ಮಂಡಳಿಯ ತಜ್ಞರು ಒಪ್ಪಲಿಲ್ಲ. ಎರಡೂ ಕಡೆಯವರು ವಿಜ್ಞಾನದ ಹೆಸರನ್ನೇ ಹೇಳಿದರು. ನನಗನಿಸುವಂತೆ ಜಗಳವಿದ್ದದ್ದು ಬರೀ ವಿಜ್ಞಾನದಲ್ಲಿ ಅಲ್ಲ, ಯಾರ ಬದುಕನ್ನು ಅಳತೆಗೋಲಾಗಿ ಹಿಡಿಯಬೇಕು ಎಂಬುದರಲ್ಲಿ.

ಅಳತೆಗೋಲೂ ಸ್ಥಿರವಲ್ಲ. 400 ಪಿಪಿಎಂ ಎಂದಿದ್ದ ಸೀಸದ ಮಟ್ಟವನ್ನು ಅಮೆರಿಕ 2024ರ ಜನವರಿಯಲ್ಲಿ 200ಕ್ಕೆ ಇಳಿಸಿತು. ಮಕ್ಕಳ ರಕ್ತದಲ್ಲಿ ಸೀಸದ ನಿರಪಾಯ ಮಟ್ಟ ಎಂಬುದು ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮಣ್ಣಿನ ಆವಿ ನೆಲದ ಬಿರುಕುಗಳಿಂದ ಮನೆಯೊಳಗೆ ಏರುತ್ತದೆಂಬುದನ್ನು ನಿಯಂತ್ರಕರು ಗಂಭೀರವಾಗಿ ತೆಗೆದುಕೊಂಡದ್ದೇ ಈ ಶತಮಾನದಲ್ಲಿ. ನಿನ್ನೆ ಶುದ್ಧ ಎಂದು ಬರೆದುಕೊಟ್ಟ ನೆಲವನ್ನು ಇವತ್ತು ಮತ್ತೆ ಪರೀಕ್ಷಿಸಬೇಕಾಗಿದೆ.

ಲೆಕ್ಕ ಹಾಕುವವರ ವಾದ

ಅರ್ಥಶಾಸ್ತ್ರಜ್ಞರಿಗೆ ಈ ಪ್ರಶ್ನೆ ಬೇರೆ ರೀತಿ ಕಾಣುತ್ತದೆ. ಶುದ್ಧಿಗೆ ಸುರಿದ ಹಣ ವಾಪಸು ಬರುತ್ತದೆಯೇ? ಗ್ರೀನ್‌ಸ್ಟೋನ್ ಮತ್ತು ಗ್ಯಾಲಗರ್ 2008ರ ಅಧ್ಯಯನದಲ್ಲಿ ಸೂಪರ್‌ಫಂಡ್ ಶುದ್ಧಿಯಿಂದ ಸುತ್ತಲಿನ ಮನೆಬೆಲೆ ಹೇಳಿಕೊಳ್ಳುವಷ್ಟು ಏರಲಿಲ್ಲ ಎಂದರು. 2013ರಲ್ಲಿ ಗ್ಯಾಂಪರ್-ರಬೀಂದ್ರನ್ ಮತ್ತು ಟಿಮ್ಮಿನ್ಸ್ ಅದೇ ಪ್ರಶ್ನೆಯನ್ನು ಇನ್ನೂ ಸಣ್ಣ ಪ್ರದೇಶಗಳ ಮಟ್ಟದಲ್ಲಿ ನೋಡಿ, ಬೆಲೆ ಏರಿದೆ, ಅದೂ ಅಗ್ಗದ ಮನೆಗಳಲ್ಲೇ ಹೆಚ್ಚು ಏರಿದೆ ಎಂದು ತೋರಿಸಿದರು. ಇವೆಲ್ಲಕ್ಕಿಂತ ನನ್ನನ್ನು ಹಿಡಿದದ್ದು 2011ರ ಮತ್ತೊಂದು ಅಧ್ಯಯನ. ಶುದ್ಧಿಯಾದ ತಾಣಗಳ ಹತ್ತಿರದ ತಾಯಂದಿರಿಗೆ ಜನ್ಮಜಾತ ನ್ಯೂನತೆಯಿರುವ ಶಿಶುಗಳು ಹುಟ್ಟುವ ಪ್ರಮಾಣ ಸುಮಾರು ಶೇ 20ರಿಂದ 25ರಷ್ಟು ಕಡಿಮೆಯಾಗಿದೆ ಎಂದು ಕರ್ರಿ, ಗ್ರೀನ್‌ಸ್ಟೋನ್ ಮತ್ತು ಮೊರೆಟ್ಟಿ ಅದರಲ್ಲಿ ಕಂಡರು. ಮನೆಬೆಲೆಯ ಪಟ್ಟಿಯಲ್ಲಿ ಈ ಲಾಭಕ್ಕೆ ಜಾಗವಿಲ್ಲ.

ಅಗ್ಗದ ಮನೆಗಳಲ್ಲೇ ಬೆಲೆ ಏರುವುದು ಮಾಲೀಕರಿಗೆ ವರ, ಬಾಡಿಗೆದಾರರಿಗೆ ಶಾಪ. ನೆಲ ಶುದ್ಧವಾಗುತ್ತದೆ, ಬಾಡಿಗೆ ಏರುತ್ತದೆ, ವಿಷ ಉಸಿರಾಡಿದವರು ಬೇರೆ ಕಡೆ ಹೋಗುತ್ತಾರೆ, ಶುದ್ಧ ಗಾಳಿ ಬೇರೆಯವರಿಗೆ. ಇದನ್ನು ತಡೆಯಲು ಶುದ್ಧಿಯ ಅನುದಾನದ ಜೊತೆಗೇ ಅಗ್ಗದ ಮನೆಗಳ ಷರತ್ತು ಇರಬೇಕು ಎಂಬುದು ಈ ಬಣದೊಳಗಿನ ಸುಧಾರಕರ ನಿಲುವು. ಷರತ್ತು ಎಷ್ಟು ಸುಲಭವಾಗಿ ಕರಗುತ್ತದೆಂಬುದನ್ನು ಮುಂಬೈಯ ಮುಚ್ಚಿದ ಬಟ್ಟೆ ಗಿರಣಿಗಳ ನೆಲ ಕಲಿಸಿದೆ. 1991ರ ನಿಯಮದ ಪ್ರಕಾರ ಗಿರಣಿ ಜಾಗದ ಸರಿಸುಮಾರು ಮೂರನೇ ಒಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕರಿಗೆ. 2001ರ ತಿದ್ದುಪಡಿ ಆ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಅನ್ವಯವೆಂದಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಾರ್ವಜನಿಕ ವಸತಿಯ ಪಾಲು ಕೈಯಳತೆಗೆ ಇಳಿಯಿತು. ನಮ್ಮ ಬೆಂಗಳೂರಿನ ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ಎದ್ದಿತು, ಬಿನ್ನಿ ಮಿಲ್ಲಿನ ಜಾಗದಲ್ಲಿ ಎತ್ತರದ ಅಪಾರ್ಟ್‌ಮೆಂಟುಗಳು.

ಯಾರ ಪಾಲಿಗೆ ಯಾವ ನೆಲ

ಪರಿಸರ ನ್ಯಾಯದ ಪಂಥ ಕೇಳುವುದು: ಒಳ್ಳೆಯ ನೆಲ ಉಳ್ಳವರಿಗೆ, ಮುಚ್ಚಿದ ವಿಷ ಇಲ್ಲದವರಿಗೆ, ಇದೇ ಏಕೆ ಪ್ರತಿ ಸಲವೂ? ಲವ್ ಕೆನಾಲ್‌ನ ಪ್ರಸಿದ್ಧ ಕಥೆಯಲ್ಲೇ ಮರೆತ ಅಧ್ಯಾಯವೊಂದಿದೆ. ಕಾಲುವೆಯ ಎದುರಿಗೇ ಗ್ರಿಫನ್ ಮ್ಯಾನರ್ ಎಂಬ ಸರ್ಕಾರಿ ವಸತಿ ಇತ್ತು. ಅಲ್ಲಿದ್ದವರು ಬಹುಪಾಲು ಕಪ್ಪು ಜನ, ಬಾಡಿಗೆದಾರರು. ಸ್ವಂತ ಮನೆಯವರ ಕೂಗು ದೇಶದ ಅಧ್ಯಕ್ಷರವರೆಗೆ ಮುಟ್ಟಿತು, ಇವರ ದನಿ ಹೆಚ್ಚು ಜನರಿಗೆ ಕೇಳಿಸಲಿಲ್ಲ.

ಮುಂಬೈಯ ಮಾಹುಲ್ ಇನ್ನೊಂದು ಪಾಠ. ಯೋಜನೆಗಳಿಂದ ಮನೆ ಕಳೆದುಕೊಂಡವರನ್ನು ಅಲ್ಲಿನ ತೈಲ ಶುದ್ಧೀಕರಣ ಘಟಕಗಳ ಪಕ್ಕದ ಬಹುಮಹಡಿ ಕಟ್ಟಡಗಳಿಗೆ ತಳ್ಳಿದರು. ಜನ ಕಾಯಿಲೆ ಬಿದ್ದರು, ಬೀದಿಯಲ್ಲಿ ಕೂತು ಹೋರಾಡಿದರು. 2019ರಲ್ಲಿ ಬಾಂಬೆ ಹೈಕೋರ್ಟು, ಅಲ್ಲಿಗೆ ಯಾರನ್ನೂ ಬಲವಂತವಾಗಿ ಕಳಿಸಬೇಡಿ, ಬೇರೆಡೆ ಮನೆ ಕೊಡಲಾಗದಿದ್ದರೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಿ ಎಂದಿತು. ಅಲ್ಲಿ ಕೆಟ್ಟದ್ದು ಗಾಳಿ. ಮಣ್ಣಷ್ಟನ್ನೇ ಪರೀಕ್ಷೆ ಮಾಡಿ ಸಹಿ ಹಾಕುವವರು ತಲೆಯೆತ್ತಿ ಸುತ್ತಲೂ ನೋಡಬೇಕಾಗುತ್ತದೆ.

ಈ ಪಂಥಕ್ಕೆ ಎದುರು ನಿಂತು ಮಾತಾಡುವವರೂ ಬಡವರ ಪರವೇ ಎಂಬುದನ್ನು ಮರೆಯಬಾರದು. ಕಲುಷಿತ ನೆಲ ಬೇಡವೆಂದರೆ ಬೇರೆ ಯಾವ ನೆಲ ಸಿಗುತ್ತದೆ ಎಂದು ಅವರು ಕೇಳುತ್ತಾರೆ. ಚೆನ್ನೈನಲ್ಲಿ ಸಿಕ್ಕಿದ್ದು ಊರಾಚೆಯ ಕಣ್ಣಗಿ ನಗರ, ಪೆರುಂಬಾಕ್ಕಂ. ಮನೆಗೆಲಸಕ್ಕೆ, ಕೂಲಿಗೆ ಹೋಗುತ್ತಿದ್ದ ಹೆಂಗಸರು ಬಸ್ಸಿನಲ್ಲಿ ಗಂಟೆಗಟ್ಟಲೆ ಕಳೆಯುವಂತಾಯಿತು, ಕೆಲಸ ಬಿಟ್ಟವರೂ ಇದ್ದಾರೆ. ದೂರವೂ ಒಂದು ಬಗೆಯ ವಿಷವೇ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಗೊವಾನಸ್ ಕಾಲುವೆಯ ಪಕ್ಕ ಹಳೆಯ ಗ್ಯಾಸ್ ಘಟಕದ ಜಾಗದಲ್ಲಿ ಸುಮಾರು 950 ಅಗ್ಗದ ಮನೆಗಳ ಯೋಜನೆಯಿದೆ. ನೆಲದಡಿ ಕಲ್ಲಿದ್ದಲ ಡಾಂಬರು ನೂರು ಅಡಿಗೂ ಆಳಕ್ಕೆ ಇಳಿದಿದೆ. ಪೂರ್ತಿ ತೆಗೆಯಲಾಗದು, ಮೇಲಿನದನ್ನು ತೆಗೆದು ಉಳಿದದ್ದನ್ನು ಮುಚ್ಚಬೇಕು. ಮಕ್ಕಳನ್ನು ಡಾಂಬರಿನ ಮೇಲೆ ಮಲಗಿಸಬೇಡಿ ಎಂದು ಒಂದು ಗುಂಪು. ಈ ಸಿರಿವಂತ ಬಡಾವಣೆಯಲ್ಲಿ ಬಡವರಿಗೆ ಮನೆ ಸಿಗುವ ಒಂದೇ ಅವಕಾಶ ತಪ್ಪಿಸಬೇಡಿ ಎಂದು ಇನ್ನೊಂದು. ಇಬ್ಬರ ಮಾತಿನಲ್ಲೂ ನನಗೆ ಸುಳ್ಳು ಕಾಣುವುದಿಲ್ಲ.

ನಮ್ಮಲ್ಲಿ ಪ್ರಶ್ನೆ ತಿರುಗಿ ನಿಲ್ಲುತ್ತದೆ

ಪಶ್ಚಿಮದ ಚರ್ಚೆಯಲ್ಲಿ ಮೊದಲು ಪಾಳುನೆಲ, ಆಮೇಲೆ ಮನೆ. ಭಾರತದಲ್ಲಿ ವಿಷದ ನೆಲ ಆಗಲೇ ಬಡವರ ಮನೆಯಾಗಿದೆ. ಯಾವ ಯೋಜನೆಯೂ ಇಲ್ಲದೆ, ಯಾವ ಪರೀಕ್ಷೆಯೂ ಇಲ್ಲದೆ. ಭೋಪಾಲ್‌ನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಸುತ್ತ, ಅದರ ತ್ಯಾಜ್ಯ ಕೊಳಗಳಿದ್ದ ಜಾಗದ ಅಂಚಿಗೇ ಬಸ್ತಿಗಳಿವೆ. ಕಾರ್ಖಾನೆಯೊಳಗಿದ್ದ 337 ಟನ್ ತ್ಯಾಜ್ಯವನ್ನು 2025ರ ಜನವರಿಯಲ್ಲಿ, ಅನಿಲ ದುರಂತವಾಗಿ ನಲವತ್ತು ವರ್ಷ ಕಳೆದ ಮೇಲೆ, ಪೀತಂಪುರಕ್ಕೆ ಸಾಗಿಸಿ, ಅದೇ ವರ್ಷದ ಮಧ್ಯದ ಹೊತ್ತಿಗೆ ಸುಟ್ಟರು. ನೆಲದಲ್ಲಿ, ಅಂತರ್ಜಲದಲ್ಲಿ ಸೇರಿದ್ದು ಅಲ್ಲೇ ಇದೆ.

ಕೋಲಾರ ಚಿನ್ನದ ಗಣಿ (ಕೆಜಿಎಫ್) 2001ರಲ್ಲಿ ಮುಚ್ಚಿತು. ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಹದಿಮೂರು ದಿಬ್ಬಗಳಾಗಿ, ಸಾವಿರ ಎಕರೆಯಲ್ಲಿ, ಸುಮಾರು 3.3 ಕೋಟಿ ಟನ್ ನಿಂತಿದೆ. ಜನ ಅವನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಗಾಳಿಗಾಲದಲ್ಲಿ ಅದರ ದೂಳು ಏಳುತ್ತದೆ, ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳಲ್ಲಿ ಕುಟುಂಬಗಳು ಇಂದಿಗೂ ಬದುಕುತ್ತಿವೆ. ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿತು. ಚಿನ್ನದ ಅಂದಾಜಿನಷ್ಟೇ ನಿಖರವಾಗಿ ಆ ಮನೆಗಳ ಅಂಗಳದ ಮಣ್ಣಿನ ಅಂದಾಜೂ ಆಗಬೇಕು.

ಈಗ ದೇಶದ ದೊಡ್ಡ ಪರೀಕ್ಷೆ ನಡೆಯಲಿರುವುದು ಮುಂಬೈಯ ದೇವನಾರ್‌ನಲ್ಲಿ. 1927ರಿಂದ ಕಸ ಸುರಿಯುತ್ತ ಬಂದ ಜಾಗ ಅದು. 2016ರಲ್ಲಿ ಹೊತ್ತಿ ಉರಿದಾಗ ಹೊಗೆ ನಗರವನ್ನೆಲ್ಲ ಕವಿದಿತ್ತು. ಅಲ್ಲಿನ ಸುಮಾರು 124 ಎಕರೆಯನ್ನು ಮಹಾರಾಷ್ಟ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಧಾರಾವಿ ಕೊಳೆಗೇರಿಯ ಪುನರಭಿವೃದ್ಧಿಗೆ ಕೊಟ್ಟಿತು. ಧಾರಾವಿಯೊಳಗೆ ಮನೆ ಪಡೆಯಲು 'ಅರ್ಹರಲ್ಲ' ಎನಿಸಿದವರನ್ನು ಇಂಥ ಹೊರಗಿನ ಜಾಗಗಳಿಗೆ ಕಳಿಸುವುದು ಯೋಜನೆ. ಸುಮಾರು 185 ಲಕ್ಷ ಟನ್ ಹಳೆಯ ಕಸ ತೆಗೆಯಲು ಪಾಲಿಕೆ 2,300 ಕೋಟಿ ರೂಪಾಯಿಗೂ ಹೆಚ್ಚಿನ ಗುತ್ತಿಗೆ ಕೊಟ್ಟಿದೆ. ಆದರೆ ಹಳೆಯ ಕಸದ ತಾಣಗಳ ಬಗ್ಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ, ಮುಚ್ಚಿದ ಭೂಭರ್ತಿ (ಕಸ ತುಂಬಿದ) ಜಾಗದ ಗಡಿಯಿಂದ 100 ಮೀಟರ್ ಒಳಗೆ ವಸತಿ, ಶಾಲೆ, ಆಸ್ಪತ್ರೆ ಬೇಡ ಎನ್ನುತ್ತದೆ. ಕಸ ತೆಗೆದ ಮೇಲೆ ಅದು ಭೂಭರ್ತಿಯೇ ಅಲ್ಲ ಎಂದು ವಾದಿಸಬಹುದು. ಹಾಗೆ ವಾದಿಸುವವರು ಅಡಿಯ ಮಣ್ಣಿನ, ನೀರಿನ, ಅನಿಲದ ವರದಿಯನ್ನು ಊರ ಮುಂದೆ ಇಡಬೇಕು.

ಕಾನೂನು ತಡವಾಗಿಯಾದರೂ ಬಂದಿದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಮಲಿನ ಮಾಡಿದವರೇ ಖರ್ಚು ಕೊಡಬೇಕು, ಅವರು ಸಿಗದಿದ್ದರೆ ಸರ್ಕಾರ ಭರಿಸಬೇಕು, ತಾಣಗಳ ಪಟ್ಟಿ ಪ್ರಕಟವಾಗಬೇಕು. ಆಗ ಗುರುತಿಸಿದ್ದ ತಾಣಗಳು ದೇಶದಲ್ಲಿ 103. ಶುದ್ಧಿ ಶುರುವಾಗಿದ್ದದ್ದು ಏಳರಲ್ಲಿ. ನಿಯಮಗಳು ಕೆಲವನ್ನು ಹೊರಗಿಟ್ಟಿವೆ: ಗಣಿ ತ್ಯಾಜ್ಯ, ನಗರದ ಘನತ್ಯಾಜ್ಯ, ಸಮುದ್ರದ ತೈಲ ಮಾಲಿನ್ಯ, ವಿಕಿರಣ ತ್ಯಾಜ್ಯ. ಇವುಗಳಿಗೆ ಬೇರೆ ಕಾನೂನು ಇದೆಯೆಂಬುದು ಕಾರಣ. ಇತರ ಅಪಾಯಕಾರಿ ವಸ್ತು ಬೆರೆತು ಮಿತಿ ಮೀರಿದ್ದರೆ ಮಾತ್ರ ಇವೂ ಒಳಗೆ ಬರುತ್ತವೆ. ಹಾಗಾಗಿ ಕೆಜಿಎಫ್ ದಿಬ್ಬವೂ ದೇವನಾರ್ ಗುಡ್ಡವೂ ಮೇಲ್ನೋಟಕ್ಕೆ ಹೊಸ ನಿಯಮಗಳ ಬಾಗಿಲಾಚೆಗೇ ನಿಲ್ಲುತ್ತವೆ.

ಬಗೆಹರಿಯದೆ ಉಳಿದವು

ಮೊದಲನೆಯದು ಕಾವಲಿನ ಪ್ರಶ್ನೆ. ಉಳಿದೆಲ್ಲವೂ ಇದರ ಹಿಂದೆ ಬರುತ್ತವೆ. ಬಳಕೆಗೆ ತಕ್ಕ ಶುದ್ಧಿ ಎಂಬ ತತ್ವ ಗೆದ್ದಿದೆ, ಅದಕ್ಕೆ ಕಾರಣಗಳೂ ಇವೆ. ಆದರೆ ಆ ತತ್ವದಲ್ಲಿ ವಿಷ ಹೋಗುವುದಿಲ್ಲ, ಮುಚ್ಚಿಕೊಂಡಿರುತ್ತದೆ. ಮುಚ್ಚಳಕ್ಕೆ ಬಿರುಕು ಬಿಡಬಾರದು, ಅನಿಲ ಹೊರಹಾಕುವ ಕೊಳವೆ ಕಟ್ಟಿಕೊಳ್ಳಬಾರದು, ಪೈಪು ಹಾಕಲು ಯಾರೋ ಗುಂಡಿ ತೋಡಬಾರದು. ಮೂವತ್ತು ವರ್ಷ, ಐವತ್ತು ವರ್ಷ. ಸಿರಿವಂತರ ಅಪಾರ್ಟ್‌ಮೆಂಟಿನಲ್ಲಿ ನಿರ್ವಹಣಾ ಶುಲ್ಕವಿರುತ್ತದೆ, ಸಂಘವಿರುತ್ತದೆ, ವಕೀಲರಿರುತ್ತಾರೆ. ನಮ್ಮ ಕೊಳೆಗೇರಿ ವಸತಿಗಳಲ್ಲಿ ಲಿಫ್ಟು ಕೆಟ್ಟರೆ ರಿಪೇರಿಗೆ ತಿಂಗಳುಗಟ್ಟಲೆ ಕಾಯಬೇಕು. ನೆಲದಡಿಯ ಪೊರೆಯನ್ನು ನೋಡಿಕೊಳ್ಳುವವರು ಯಾರು? ಆ ಹೊಣೆ ಮಲಿನ ಮಾಡಿದವರ ಮೇಲೋ ಸರ್ಕಾರದ ಮೇಲೋ ಹಣ ಸಮೇತ ಬರೆದಿಡುವವರೆಗೆ, ಬಡವರ ಮನೆಗೆ ಮುಚ್ಚುವ ಶುದ್ಧಿ ಸಾಲದು, ತೆಗೆಯುವ ಶುದ್ಧಿಯೇ ಬೇಕು ಎಂಬುದು ನನ್ನ ನಿಲುವು. ಖರ್ಚು ಹೆಚ್ಚು ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಅಗೆದ ಮಣ್ಣು ಎಲ್ಲಿಗೆ ಹೋಗಬೇಕು ಎಂಬುದಕ್ಕೂ ಉತ್ತರ ಸಿಕ್ಕಿಲ್ಲ. ಭೋಪಾಲ್‌ನ ತ್ಯಾಜ್ಯ ಬರುತ್ತದೆಂದಾಗ ಪೀತಂಪುರದ ಜನ ಬೀದಿಗಿಳಿದರು. ಅವರ ಭಯಕ್ಕೆ ಅರ್ಥವಿತ್ತು. ಹೊಸ ಹೊಸ ರಾಸಾಯನಿಕಗಳ ಮಿತಿ ಎಷ್ಟು ಎಂಬುದನ್ನು ಹತ್ತು ವರ್ಷಕ್ಕೊಮ್ಮೆ ತಿದ್ದಬೇಕಾದಾಗ, ಈಗಾಗಲೇ ಹಂಚಿದ ಮನೆಗಳನ್ನು ಯಾರು ಮರುಪರೀಕ್ಷಿಸಬೇಕು? ಆಗಲೇ ವಿಷದ ನೆಲದ ಮೇಲೆ ಬದುಕುತ್ತಿರುವವರನ್ನು ಎಬ್ಬಿಸದೆ ನೆಲ ಶುದ್ಧ ಮಾಡಲು ಸಾಧ್ಯವೇ? ಎಬ್ಬಿಸಿದರೆ ಅವರು ಅದೇ ಜಾಗಕ್ಕೆ ಮರಳುವ ಹಕ್ಕು ಉಳಿಯುತ್ತದೆಯೇ? ಇವಕ್ಕೆ ಯಾವ ದೇಶದ ಕಾನೂನಿನಲ್ಲೂ ತೃಪ್ತಿಕರ ಉತ್ತರ ನನಗೆ ಕಂಡಿಲ್ಲ.

ಒಂದು ಕೆಲಸವನ್ನಂತೂ ನಾಳೆಯೇ ಶುರು ಮಾಡಬಹುದು, ಅದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಹಳೆಯ ಕಾರ್ಖಾನೆ, ಕಸದ ಜಾಗ, ಗಣಿಯ ಪಕ್ಕದಲ್ಲಿ ಸರ್ಕಾರ ಮನೆ ಹಂಚುವಾಗ ಹಕ್ಕುಪತ್ರದ ಜೊತೆಗೆ ಆ ನೆಲದ ಮಣ್ಣಿನ ವರದಿಯನ್ನೂ ಕನ್ನಡದಲ್ಲಿ ಕೊಡಲಿ. ನಿಮ್ಮ ಊರಿನಲ್ಲಿ ಅಂಥ ಹಂಚಿಕೆ ನಡೆಯುವುದಾದರೆ, ದಯವಿಟ್ಟು ಅದನ್ನು ಕೇಳಿ.